ಮಡಿಕೇರಿ ಪಿನ್‌ಕೋಡ್ 571201 ಒಂದು ಪ್ರೈಮ್ ನಂಬರ್: ಪೆನ್ನು, ಪೇಪರ್, ಫೋನ್ ಕ್ಯಾಲ್ಕುಲೇಟರ್ ಇಟ್ಕೊಂಡು ನೀವೇ ಸಾಬೀತು ಮಾಡೋದು ಹೇಗೆ

ಜುಲೈ ತಿಂಗಳ ಮಡಿಕೇರಿ ಹೇಗಿರತ್ತೆ ಅಂತ ಗೊತ್ತಲ್ಲ, ಬೆಳಗ್ಗಿಂದ ಬಿಡದೇ ಸುರಿಯೋ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ಪುಣ್ಯ. ಅಂಥ ಒಂದಿನ ಬೆಂಗಳೂರಲ್ಲಿರೋ ತಂಗಿಗೆ ಕಾಫಿಪುಡಿ, ಒಂದಿಷ್ಟು ಕರಿಮೆಣಸು ಪಾರ್ಸಲ್ ಕಟ್ತಾ ಕೂತಿದ್ದೆ. ಕಳಿಸೋರ ಅಡ್ರೆಸ್ಸಲ್ಲಿ 571201 ಅಂತ ಬರ್ದೆ, ಚಿಕ್ಕಂದಿನಿಂದ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಆದ್ರೆ ಅವತ್ತು ಯಾಕೋ ಪೆನ್ನು ಅಲ್ಲೇ ನಿಲ್ತು. 3ರಿಂದ ಭಾಗಿಸಿದೆ, ಹೋಗ್ಲಿಲ್ಲ. 7, ಹೋಗ್ಲಿಲ್ಲ. 11, 13, 17, ಯಾವುದೂ ಇಲ್ಲ. ಸಂಜೆ ಕರೆಂಟ್ ಬರೋ ಹೊತ್ತಿಗೆ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿತ್ತು, ಪಾರ್ಸಲ್ ಹಾಗೇ ಬಿದ್ದಿತ್ತು, ನಮ್ಮ ಊರಿನ ಪಿನ್‌ಕೋಡ್ ಪ್ರೈಮ್, ಅಂದ್ರೆ ಅವಿಭಾಜ್ಯ ಸಂಖ್ಯೆ ಅಂತ ನಂಗೆ ಗೊತ್ತಾಗಿತ್ತು.

ಈ ಮಾರ್ಗದರ್ಶಿ ಅದನ್ನ ನೀವೂ ಮಾಡಿ ನೋಡ್ಲಿ ಅಂತ. ನಾನು ಹೇಳಿದ್ದನ್ನ ನಂಬೋ ಅವಶ್ಯಕತೆನೇ ಇಲ್ಲ, ಪ್ರತಿ ಸಂಖ್ಯೆನೂ ಹತ್ತನೇ ಕ್ಲಾಸ್ ಲೆಕ್ಕದಲ್ಲಿ ಚೆಕ್ ಮಾಡ್ಬಹುದು. ಒಂದೊಂದು ಸ್ಟೆಪ್ಪಲ್ಲೂ ಈ ಸಂಖ್ಯೆಯ ಒಂದೊಂದು ಗುಣ ಹೊರಗೆ ಬರತ್ತೆ, ಮತ್ತೆ ಇದೇ ದಾರಿ ಮುಂದುವರಿಸಿದ್ರೆ ಕೋಟಿಗಟ್ಟಲೆ ಅಂಕಿ ಇರೋ ಪ್ರೈಮ್‌ಗಳ ತನಕ ಹೋಗತ್ತೆ.

ಬೇಕಾಗಿರೋದು: ಒಂದು ಉದ್ದ ನೋಟ್‌ಬುಕ್, ಪೆನ್ನು, 12 ಅಂಕಿ ತೋರ್ಸೋ ಕ್ಯಾಲ್ಕುಲೇಟರ್ (ಫೋನಲ್ಲಿರೋದೇ ಸಾಕು), ಮತ್ತೆ ಒಂದು ಮಧ್ಯಾಹ್ನ.

ಸ್ಟೆಪ್ 1: ಸುಲಭದ್ದನ್ನ ಮೊದಲು ತೆಗೀರಿ

1 ಮತ್ತೆ ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ಶೇಷ ಇಲ್ದೆ ಭಾಗ ಆಗದೇ ಇರೋದು ಅವಿಭಾಜ್ಯ, ಅಷ್ಟು ಎಲ್ರಿಗೂ ಗೊತ್ತು. ತೋಟ ಇರೋರಿಗೆ ಇನ್ನೂ ಸುಲಭವಾಗಿ ಹೇಳ್ಬಹುದು. ಕಾಫಿ ಹಣ್ಣು ಹಿಚುಕಿದ್ರೆ ಸಾಮಾನ್ಯವಾಗಿ ಎರಡು ಬೀಜ ಹೊರಗೆ ಬರತ್ತೆ, ಅಪರೂಪಕ್ಕೆ ಒಂದೇ ಒಂದು ದುಂಡಗಿನ ಬೀಜ ಸಿಗತ್ತೆ, ಪೀಬೆರಿ ಅಂತೀವಲ್ಲ ಅದು. ಅವಿಭಾಜ್ಯ ಅಂದ್ರೆ ಸಂಖ್ಯೆಗಳಲ್ಲಿ ಪೀಬೆರಿ.

ಕೊನೇ ಅಂಕಿ 0, 2, 4, 6, 8 ಇದ್ರೆ 2ರಿಂದ ಹೋಗತ್ತೆ, ಅಲ್ಲಿಗೆ ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236 ಮೂರೂ ಔಟ್. ಕೊನೇಲಿ 5 ಇದ್ರೆ 5ರಿಂದ ಹೋಗತ್ತೆ. ಅಂಕಿಗಳ ಮೊತ್ತ 3ರಿಂದ ಹೋದ್ರೆ ಸಂಖ್ಯೆನೂ 3ರಿಂದ ಹೋಗತ್ತೆ, ನಮ್ಮದು 5+7+1+2+0+1 = 16, ಹಾಗಾಗಿ ಇಲ್ಲ. 11ಕ್ಕೆ ಬಲಗಡೆಯಿಂದ ಒಂದು ಕೂಡಿಸಿ ಒಂದು ಕಳೀತಾ ಹೋಗ್ಬೇಕು: 1−0+2−1+7−5 = 4. ಸೊನ್ನೆನೂ ಅಲ್ಲ, 11ರ ಗುಣಕನೂ ಅಲ್ಲ, ಆದ್ರಿಂದ 11ರಿಂದಲೂ ಹೋಗಲ್ಲ.

ಈಗ ಒಂದು ಮುಖ್ಯವಾದ ಕೆಲಸ, ಸಂಖ್ಯೆಯಿಂದ 1 ಕಳೆದು ಅದನ್ನ ಒಡೀರಿ. 571200 = 64 × 3 × 25 × 7 × 17, ಪೂರ್ತಿ ಚಿಕ್ಕ ಚಿಕ್ಕ ಪ್ರೈಮ್‌ಗಳಾಗಿ ಪುಡಿ ಆಗತ್ತೆ. ಇದರಿಂದ ತಕ್ಷಣ ಗೊತ್ತಾಗೋದು ಏನಪ್ಪಾ ಅಂದ್ರೆ 571201ನ್ನ 2, 3, 5, 7, 17 ಯಾವುದರಿಂದ ಭಾಗಿಸಿದ್ರೂ ಶೇಷ ಸರಿಯಾಗಿ 1. ಈ ಒಡೆದ ರೂಪ ಒಂದು ಮೂಲೇಲಿ ಬರೆದಿಟ್ಕೊಳ್ಳಿ, ಆಮೇಲೆ ಇಡೀ ಸಾಬೀತೇ ಇದರ ಮೇಲೆ ನಿಲ್ಲತ್ತೆ.

ಸ್ಟೆಪ್ 2: ಎಲ್ಲಿ ತನಕ ಭಾಗಿಸ್ಬೇಕು

571200 ತನಕ ಎಲ್ಲ ಸಂಖ್ಯೆಯಿಂದ ಭಾಗಿಸ್ತಾ ಕೂರೋ ಹಾಗಿಲ್ಲ. ಒಂದು ಸಂಖ್ಯೆ ಎರಡರ ಗುಣಲಬ್ಧ ಆಗಿದ್ರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಿರೋಕೆ ಸಾಧ್ಯ ಇಲ್ಲ, ಒಂದಾದ್ರೂ ವರ್ಗಮೂಲದ ಒಳಗೇ ಇರ್ಬೇಕು. 571201ರ ವರ್ಗಮೂಲ ಸುಮಾರು 755.8. ಅಂದ್ರೆ 755ರ ಒಳಗಿನ ಪ್ರೈಮ್‌ಗಳು ಸಾಕು, ಅವು ಒಟ್ಟು 133, ಕೊನೇದು 751.

ಸ್ಟೆಪ್ 3: ಜರಡಿ ಹಿಡಿದು 133 ಪ್ರೈಮ್ ಪಟ್ಟಿ ಮಾಡಿ

2ರಿಂದ 755ರ ತನಕ ಬರೆದು, 2 ಉಳಿಸಿ ಅದರ ಗುಣಕಗಳನ್ನೆಲ್ಲ ಹೊಡೀರಿ, 3 ಉಳಿಸಿ ಅದರ ಗುಣಕ ಹೊಡೀರಿ, ಹೀಗೆ 23ರ ತನಕ ಮಾಡಿದ್ರೆ ಸಾಕು, ಯಾಕಂದ್ರೆ 29ರ ವರ್ಗ 841, ಅದು 755 ದಾಟತ್ತೆ. ಉಳಿದಿದ್ದೆಲ್ಲ ಪ್ರೈಮ್. ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ಪಂಡಿತ ಎರಾಟೋಸ್ತನೀಸ್‌ನ ಜರಡಿ, ಕ್ಯೂರಿಂಗ್ ವರ್ಕ್ಸಲ್ಲಿ ಕಾಫಿ ಬೀಜ ಸೈಜ್ ಪ್ರಕಾರ ಬೇರೆ ಮಾಡೋ ಹಾಗೇನೇ. ಅರ್ಧ ಗಂಟೆ ಕೆಲಸ.

ಸ್ಟೆಪ್ 4: ಶೇಷದ ಪುಸ್ತಕ

ಈಗ ನಿಜವಾದ ದುಡಿಮೆ. ಪ್ರತಿ ಪ್ರೈಮ್‌ನಿಂದ 571201ನ್ನ ಭಾಗಿಸಿ, ಬರೀ ಹೋಗತ್ತೋ ಇಲ್ವೋ ಅಂತ ಮಾತ್ರ ನೋಡ್ಬೇಡಿ, ಶೇಷ ಬರೀರಿ. ಕ್ಯಾಲ್ಕುಲೇಟರಲ್ಲಿ ಶೇಷ ತೆಗೆಯೋ ಬಗೆ ಹೀಗೆ: 571201 ÷ 29 ಅಂದ್ರೆ 19696 ಪಾಯಿಂಟ್ ಏನೋ ಬರತ್ತೆ, ಪಾಯಿಂಟ್ ಆದ್ಮೇಲಿನದ್ದು ಬಿಟ್ಟು 19696 × 29 = 571184 ಮಾಡಿ, ಮೂಲ ಸಂಖ್ಯೆಯಿಂದ ಕಳೀರಿ, 17. ಅದೇ ಶೇಷ.

ನಿಮ್ಮ ಪುಸ್ತಕ ಸರಿ ಇದ್ಯಾ ಅಂತ ಹೋಲಿಸೋಕೆ ಕೆಲವು ಕೊಡ್ತೀನಿ. 13ಕ್ಕೆ ಶೇಷ 7, 19ಕ್ಕೆ 4, 23ಕ್ಕೆ 19, 31ಕ್ಕೆ 26, 37ಕ್ಕೆ 32, 41ಕ್ಕೆ 30, 89ಕ್ಕೆ 88 (ಒಂದೇ ಒಂದರಲ್ಲಿ ತಪ್ಪಿತು ನೋಡಿ), 239ಕ್ಕೆ 230, 739ಕ್ಕೆ 693, ಕೊನೇ 751ಕ್ಕೆ 441. 133ರಲ್ಲಿ ಒಂದಕ್ಕೂ ಸೊನ್ನೆ ಬರಲ್ಲ. ಅಲ್ಲಿಗೆ ಮುಗೀತು, 571201 ಅವಿಭಾಜ್ಯ, ಯಾವ ಅನುಮಾನನೂ ಇಲ್ಲ. 739ರ ಶೇಷ 693ಕ್ಕೆ ಮಾತ್ರ ಒಂದು ಸುತ್ತು ಹಾಕಿಡಿ.

ಶೇಷ ಬರೀರಿ ಅಂತ ಯಾಕೆ ಹೇಳಿದ್ದು ಅಂದ್ರೆ ಆ ಪುಸ್ತಕ ಇಡೀ ಕೊಡಗಿಗೆ ಆಗತ್ತೆ. ನಮ್ಮ ಜಿಲ್ಲೆ ಪಿನ್‌ಕೋಡ್‌ಗಳು ಬಹುತೇಕ 5712 ಅಂತಲೇ ಶುರು, ಅವಕ್ಕೆಲ್ಲ ವರ್ಗಮೂಲ 755 ಚಿಲ್ಲರೆನೇ. ಗೋಣಿಕೊಪ್ಪಲು 571213, ಮಡಿಕೇರಿಗಿಂತ 12 ಜಾಸ್ತಿ, 29ರ ಶೇಷ 17ಕ್ಕೆ 12 ಕೂಡಿಸಿದ್ರೆ ಸರಿಯಾಗಿ 29! ಅಂದ್ರೆ 571213 = 29 × 19697. ಸುಂಟಿಕೊಪ್ಪ 571237, 36 ಜಾಸ್ತಿ, 31ರ ಶೇಷ 26 + 36 = 62, ಅದು 31ರ ಎರಡರಷ್ಟು, ಹಾಗಾಗಿ 31 × 18427. ಸಿದ್ದಾಪುರ 571253, 52 ಜಾಸ್ತಿ, 41ರ ಶೇಷ 30 + 52 = 82, ಅದು 41ರ ಎರಡರಷ್ಟು, ಹಾಗಾಗಿ 41 × 13933. ಹೊಸದಾಗಿ ಒಂದು ಭಾಗಾಕಾರನೂ ಮಾಡ್ಲಿಲ್ಲ, ಬರೀ ಕೂಡಿಸಿದ್ದು.

ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೆ ಒಂದು ಪ್ರೈಮ್ ಇರತ್ತೆ, ಸಂಖ್ಯೆಯ ನ್ಯಾಚುರಲ್ ಲಾಗರಿದಮ್ (ಕ್ಯಾಲ್ಕುಲೇಟರಲ್ಲಿ ln ಬಟನ್) ತಗೊಂಡ್ರೆ 13.26 ಬರತ್ತೆ, ಅದೇ ಲೆಕ್ಕ. ಭಾರತದಲ್ಲಿ ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ಅದನ್ನ ರೂಪಿಸಿದವರು ಶ್ರೀರಾಮ್ ಭಿಕಾಜಿ ವೇಲಣಕರ್, ಮೊದಲ ಅಂಕಿ 5 ಅಂದ್ರೆ ಕರ್ನಾಟಕ, ಆಂಧ್ರ, ತೆಲಂಗಾಣ ಇರೋ ವಲಯ. ಮೊದಲ ಮೂರು ಅಂಕಿ 571 ತಗೊಂಡ್ರೆ ಅದೂ ಒಂದು ಪ್ರೈಮ್, ಇದನ್ನ ಮನಸ್ಸಲ್ಲೇ ಚೆಕ್ ಮಾಡ್ಬಹುದು, 23ರ ತನಕ ಭಾಗಿಸಿದ್ರೆ ಸಾಕು.

ಸ್ಟೆಪ್ 5: ಅದೇ ಪುಸ್ತಕದಿಂದ ಅವಳಿ ಪ್ರೈಮ್ ಹುಡುಕಿ

ಇದು ನಂಗೆ ತುಂಬ ಖುಷಿ ಕೊಟ್ಟ ಭಾಗ. 571201ಕ್ಕಿಂತ 2 ಕಡಿಮೆ ಇರೋ 571199 ಯಾವ ಪ್ರೈಮ್‌ನಿಂದ ಹೋಗತ್ತೆ? ಶೇಷ 2 ಇರೋ ಪ್ರೈಮ್‌ನಿಂದ. ಪುಸ್ತಕದಲ್ಲಿ ಮೇಲಿಂದ ಕೆಳಗೆ ಬೆರಳಿಟ್ಟು 2 ಹುಡುಕಿ. ಎಲ್ಲೂ ಇಲ್ಲ. (2ಕ್ಕೆ ಶೇಷ 1, 571199 ಬೆಸ ಸಂಖ್ಯೆ, ಅದೂ ಹೋಗಲ್ಲ.) ಅಂದ್ರೆ 571199 ಕೂಡ ಪ್ರೈಮ್! 571199, 571201 ಎರಡೂ ಸೇರಿ ಅವಳಿ ಅವಿಭಾಜ್ಯಗಳು, ನಡುವೆ ಒಂದೇ ಒಂದು ಸಮಸಂಖ್ಯೆ.

3, 5 ಜೋಡಿ ಬಿಟ್ರೆ ಪ್ರತಿ ಅವಳಿ ಜೋಡಿಯ ಮಧ್ಯದ ಸಂಖ್ಯೆ 6ರಿಂದ ಹೋಗ್ಲೇಬೇಕು, ಯಾಕಂದ್ರೆ ಸಾಲಾಗಿರೋ ಮೂರು ಸಂಖ್ಯೆಲಿ ಒಂದು 3ರ ಗುಣಕ ಇರತ್ತೆ, ಎರಡು ತುದಿ ಪ್ರೈಮ್ ಆದ್ರೆ ಮಧ್ಯದ್ದೇ ಅದು, ಮಧ್ಯದ್ದು ಸಮ ಕೂಡ. 571200 = 6 × 95200, ಸರಿ ಹೋಯ್ತು. ಇಂಥ ಅವಳಿಗಳು ಮುಗಿಯದೇ ಬರ್ತಾನೇ ಇರ್ತವಾ ಅನ್ನೋದನ್ನ ಇವತ್ತಿನ ತನಕ ಯಾರೂ ಸಾಬೀತು ಮಾಡಿಲ್ಲ. 2013ರಲ್ಲಿ ಯಿಟಾಂಗ್ ಝಾಂಗ್ ಅನ್ನೋ ಗಣಿತಜ್ಞ, 7 ಕೋಟಿಗಿಂತ ಕಡಿಮೆ ಅಂತರ ಇರೋ ಪ್ರೈಮ್ ಜೋಡಿಗಳು ಅನಂತವಾಗಿ ಇವೆ ಅಂತ ತೋರಿಸಿದ್ರು, ಆಮೇಲೆ ಹಲವರು ಸೇರಿ ಆ ಅಂತರನ 246ಕ್ಕೆ ಇಳಿಸಿದ್ರು. 246ರಿಂದ 2ಕ್ಕೆ ಬರೋ ದಾರಿ ಇನ್ನೂ ಸಿಕ್ಕಿಲ್ಲ.

ಸ್ಟೆಪ್ 6: ಭಾಗಿಸದೇ ಪರೀಕ್ಷೆ ಮಾಡೋದು

133 ಭಾಗಾಕಾರ ಆರಂಕಿ ಸಂಖ್ಯೆಗೆ ಓಕೆ. 40 ಅಂಕಿ ಸಂಖ್ಯೆಗೆ ಆಯಸ್ಸು ಸಾಲಲ್ಲ. ಅದಕ್ಕೆ ಫರ್ಮಾ ಅನ್ನೋ ಫ್ರೆಂಚ್ ಗಣಿತಜ್ಞ 1640ರಲ್ಲಿ ಹೇಳಿದ ಒಂದು ಮಾತು ಬೇಕು: ಪ್ರೈಮ್ ತಗೊಂಡು, ಅದರ ಗುಣಕ ಅಲ್ಲದ ಯಾವುದೇ ಸಂಖ್ಯೆನ (ಪ್ರೈಮ್ ಮೈನಸ್ 1) ಸಲ ಗುಣಿಸಿ ಆ ಪ್ರೈಮ್‌ನಿಂದ ಭಾಗಿಸಿದ್ರೆ ಶೇಷ 1 ಬರ್ಲೇಬೇಕು. 7ನ್ನ ನೋಡಿ, 2ರ ಘಾತ 6 ಅಂದ್ರೆ 64, 7ರಿಂದ ಭಾಗಿಸಿದ್ರೆ ಶೇಷ 1.

ಇದನ್ನ ತಿರುಗಿಸಿ ಹೇಳೋಕಾಗಲ್ಲ, ಇಲ್ಲಿ ಹುಷಾರು. ಶೇಷ 1 ಬರ್ಲಿಲ್ಲ ಅಂದ್ರೆ ಖಂಡಿತ ಪ್ರೈಮ್ ಅಲ್ಲ. ಬಂತು ಅಂದ ಮಾತ್ರಕ್ಕೆ ಪ್ರೈಮ್ ಅಂತ ಹೇಳೋಕೆ ಬರಲ್ಲ. 341 = 11 × 31, ಆದ್ರೂ 2ರ ಘಾತ 340ನ್ನ 341ರಿಂದ ಭಾಗಿಸಿದ್ರೆ ಶೇಷ 1. 561 = 3 × 11 × 17 ಇನ್ನೂ ಮೋಸ, ಅದರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆ ಇಟ್ಟು ಪರೀಕ್ಷೆ ಮಾಡಿದ್ರೂ ಪಾಸ್ ಆಗತ್ತೆ. ಇಂಥವಕ್ಕೆ ಕಾರ್ಮೈಕಲ್ ಸಂಖ್ಯೆ ಅಂತ ಹೆಸರು.

ಅದಕ್ಕೇ ಸ್ವಲ್ಪ ಗಟ್ಟಿ ಪರೀಕ್ಷೆ ಮಾಡೋಣ. 571200ರ ಅರ್ಧ 285600. ಪ್ರೈಮ್ ಆಗಿದ್ರೆ ಅಷ್ಟು ಘಾತಕ್ಕೆ ಶೇಷ 1 ಇಲ್ಲ ಮೈನಸ್ 1, ಎರಡೇ ಸಾಧ್ಯತೆ (ಮೈನಸ್ 1 ಅಂದ್ರೆ ಶೇಷ 571200). ನಾವು 13 ತಗೊಳ್ತೀವಿ. 2, 3, 5, 7, 11 ತಗೊಂಡ್ರೆ ಬರೀ 1 ಬರತ್ತೆ, ಅದರಿಂದ ಮುಂದಕ್ಕೆ ಉಪಯೋಗ ಇಲ್ಲ, 13 ತಗೊಂಡ್ರೆ ಮೈನಸ್ 1 ಬರತ್ತೆ, ನಮಗೆ ಬೇಕಾಗಿರೋದು ಅದು.

13ನ್ನ 285600 ಸಲ ಗುಣಿಸೋದಾ ಅಂತ ಗಾಬರಿ ಬೀಳ್ಬೇಡಿ, 22 ಗುಣಾಕಾರ ಸಾಕು. 285600 = 17 × 7 × 5 × 5 × 3 × 32, ಹಂತ ಹಂತವಾಗಿ ಹತ್ತೋಣ, ಮತ್ತೆ ಪ್ರತಿ ಗುಣಾಕಾರ ಆದ ತಕ್ಷಣ 571201ರಿಂದ ಭಾಗಿಸಿ ಶೇಷ ಮಾತ್ರ ಇಟ್ಕೊಳ್ಳಿ, ಆಗ ಸಂಖ್ಯೆ ಯಾವತ್ತೂ ಆರಂಕಿ ದಾಟಲ್ಲ. ಇದನ್ನ ಮರ್ತು ಮೊದಲ ಸಲ ನಾನು ಪೂರ್ತಿ ಗುಣಿಸ್ತಾ ಹೋಗಿ ಕ್ಯಾಲ್ಕುಲೇಟರ್ ಅಂದಾಜು ಉತ್ತರ ಕೊಡೋಕೆ ಶುರು ಮಾಡ್ತು, ಕೊನೇ ಅಂಕಿಗಳೆಲ್ಲ ಹಾಳಾಗಿ ಒಂದು ಗಂಟೆ ವೇಸ್ಟ್ ಆಯ್ತು.

13ರ ವರ್ಗ 169, ಅದರ ವರ್ಗ 28561, ಅದರ ವರ್ಗದ ಶೇಷ 55693, ಅದರ ವರ್ಗದ ಶೇಷ 88819, ಇದು 13ರ ಘಾತ 16. ಇನ್ನೊಂದು ಸಲ 13ರಿಂದ ಗುಣಿಸಿದ್ರೆ ಘಾತ 17 ಆಯ್ತು, ಶೇಷ 12245. ಈಗ ಇದರ ಘಾತ 7 ಮಾಡಿ, 336613. ಅದರ ಘಾತ 5, 14313. ಮತ್ತೆ ಘಾತ 5, 416395. ಅದರ ಘನ, 288791. ಇಲ್ಲಿಂದ ಐದು ಸಲ ಬರೀ ವರ್ಗ ಮಾಡ್ತಾ ಹೋಗಿ: 326073, 247189, 459550, 55177, ಮತ್ತೆ ಕೊನೇದು 571200.

571200, ಅಂದ್ರೆ ಮೈನಸ್ 1! ಆ ಕೊನೇ ಸಾಲು ಬಂದಾಗ ನಾನು ಲ್ಯಾಂಪ್ ಹತ್ರ ಹಿಡ್ಕೊಂಡು ಎರಡು ಸಲ ನೋಡಿದೆ. ಮಧ್ಯದಲ್ಲಿ ಒಂದು ಅಂಕಿ ತಪ್ಪಿದ್ರೂ ಈ ಉತ್ತರ ಬರ್ತಿರ್ಲಿಲ್ಲ. ಶೇಷ ದೊಡ್ಡದಾದ್ರೆ ಅದರಿಂದ 571201 ಕಳೆದು ಮೈನಸ್ ಸಂಖ್ಯೆ ಮಾಡ್ಕೊಂಡ್ರೆ ಗುಣಾಕಾರ ಹಗುರ ಆಗತ್ತೆ, ಉದಾಹರಣೆಗೆ 459550 ಬದಲು ಮೈನಸ್ 111651. ಕಂಪ್ಯೂಟರ್ ಇದ್ರೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಪವ್ (pow) ಅನ್ನೋ ಫಂಕ್ಷನ್‌ಗೆ 13, 285600, 571201 ಮೂರನ್ನ ಇದೇ ಕ್ರಮದಲ್ಲಿ ಕೊಡಿ, ಕಣ್ಣು ಮಿಟುಕಿಸೋದ್ರಲ್ಲಿ ಅದೇ ಉತ್ತರ. ಆದ್ರೆ ಒಂದು ಸಲನಾದ್ರೂ ಕೈಯಲ್ಲಿ ಮಾಡಿ, ಅದರ ರುಚಿನೇ ಬೇರೆ.

ಸ್ಟೆಪ್ 7: ಪರೀಕ್ಷೆಯನ್ನ ಪೂರ್ತಿ ಸಾಬೀತು ಮಾಡೋದು

ಈಗ ಮೂಲೇಲಿ ಬರೆದಿಟ್ಟಿದ್ದ 571200 = 64 × 3 × 25 × 7 × 17 ತೆಗೀರಿ. ಪಾಕ್ಲಿಂಗ್ಟನ್ ಅನ್ನೋ ಗಣಿತಜ್ಞ 1914ರಲ್ಲಿ ತೋರಿಸಿದ ದಾರಿ ಇದು, ನಿಧಾನಕ್ಕೆ ಓದಿ.

571201ಕ್ಕೆ ಯಾವುದೋ ಒಂದು ಪ್ರೈಮ್ ಅಪವರ್ತನ ಇದೆ ಅಂತ ಇಟ್ಕೊಳ್ಳಿ. ಅದರಿಂದ ಭಾಗಿಸಿದಾಗಲೂ 13ರ ಘಾತ 285600ಕ್ಕೆ ಶೇಷ ಮೈನಸ್ 1, ಇನ್ನೊಂದು ಸಲ ವರ್ಗ ಮಾಡಿದ್ರೆ 1. 13ನ್ನ ಗುಣಿಸ್ತಾ ಗುಣಿಸ್ತಾ ಎಷ್ಟನೇ ಸಲಕ್ಕೆ ಮೊದಲು 1 ಬರತ್ತೋ ಅದನ್ನ ಸುತ್ತು ಅನ್ನೋಣ. ಸುತ್ತು 571200ನ್ನ ಭಾಗಿಸ್ಬೇಕು, ಆದ್ರೆ ಅದರ ಅರ್ಧನ ಭಾಗಿಸ್ಬಾರ್ದು, ಹಾಗಾಗಿ 571200ರಲ್ಲಿರೋ 2ಗಳೆಲ್ಲ, ಅಂದ್ರೆ ಪೂರ್ತಿ 64, ಸುತ್ತಿನ ಒಳಗೆ ಇರ್ಲೇಬೇಕು. ಇದೇ ಕೆಲಸ 5ಕ್ಕೂ ಮಾಡಿ. 571200ರ ಐದನೇ ಒಂದು ಭಾಗ 114240, 13ರ ಘಾತ 114240ರ ಶೇಷ 357562. 1 ಬರ್ಲಿಲ್ಲ. ಇನ್ನೊಂದು ಚೆಕ್ ಬೇಕು, 357561 ಮತ್ತೆ 571201ಕ್ಕೆ ಸಾಮಾನ್ಯ ಅಪವರ್ತನ ಇದ್ಯಾ ಅಂತ, ಒಂದರಿಂದ ಒಂದನ್ನ ಭಾಗಿಸ್ತಾ ಹೋದ್ರೆ ಕೊನೆಗೆ 1 ಸಿಗತ್ತೆ, ಅಂದ್ರೆ ಇಲ್ಲ. ಆದ್ರಿಂದ 25 ಕೂಡ ಸುತ್ತಿನ ಒಳಗಿದೆ.

64 × 25 = 1600. ಫರ್ಮಾ ಪ್ರಕಾರ ಸುತ್ತು (ಆ ಅಪವರ್ತನ ಮೈನಸ್ 1)ನ್ನ ಭಾಗಿಸ್ಬೇಕು, ಹಾಗಾಗಿ ನಮ್ಮ ಅಪವರ್ತನ ಕಡಿಮೆ ಅಂದ್ರೂ 1601 ಇರ್ಬೇಕು. ಆದ್ರೆ ಸ್ಟೆಪ್ 2ರಲ್ಲಿ ನೋಡಿದ್ವಿ, ಒಡೆಯೋ ಸಂಖ್ಯೆ ಆಗಿದ್ರೆ 755ರ ಒಳಗೇ ಒಂದು ಅಪವರ್ತನ ಇರ್ಬೇಕು. 1601ಕ್ಕಿಂತ ಚಿಕ್ಕದು ಯಾವುದೂ ಇಲ್ವೇ ಇಲ್ಲ ಅಂದ್ಮೇಲೆ ಇದು ಒಡೆಯಲ್ಲ.

133 ಭಾಗಾಕಾರದಲ್ಲಿ ಒಂದನ್ನೂ ಮುಟ್ಟದೇ, ಎರಡು ಘಾತದ ಲೆಕ್ಕದಲ್ಲಿ ಸಾಬೀತು ಆಯ್ತು. ಒಂದು ಸಂಖ್ಯೆ ಪ್ರೈಮ್ ಹೌದಾ ಅನ್ನೋ ಉತ್ತರ ಅದರ ಪಕ್ಕದ ಸಂಖ್ಯೆ ಹೇಗೆ ಒಡೆಯತ್ತೆ ಅನ್ನೋದ್ರಲ್ಲಿ ಕೂತಿದೆ ಅನ್ನೋದು ನಂಗೆ ಈಗಲೂ ಅದ್ಭುತ ಅನ್ಸತ್ತೆ.

ಸ್ಟೆಪ್ 8: ಎರಡು ವರ್ಗಗಳ ಮೊತ್ತ

ಪ್ರೈಮ್‌ನ 4ರಿಂದ ಭಾಗಿಸಿದಾಗ ಶೇಷ 1 ಬಂದ್ರೆ ಅದನ್ನ ಎರಡು ವರ್ಗಗಳ ಮೊತ್ತವಾಗಿ ಬರೀಬಹುದು, ಅದೂ ಒಂದೇ ಒಂದು ರೀತಿಲಿ. ಫರ್ಮಾ ಹೇಳಿದ್ದು, ಆಯ್ಲರ್ ಅನ್ನೋ ಗಣಿತಜ್ಞ ಸಾಬೀತು ಮಾಡಿದ್ದು. 571201ಕ್ಕೆ ಶೇಷ 1. ಹಾಗಾದ್ರೆ ಆ ಎರಡು ಸಂಖ್ಯೆ ಯಾವುದು? ಹುಡುಕೋದು ಬೇಡ, ಸ್ಟೆಪ್ 6ರಲ್ಲಿ ಕೈಗೆ ಬಂದಾಗಿದೆ.

ಕೊನೇದಕ್ಕಿಂತ ಹಿಂದಿನ ಸಾಲು 55177, ಅದರ ವರ್ಗ ಮೈನಸ್ 1 ಆಯ್ತು. ಅಂದ್ರೆ 55177ರ ವರ್ಗಕ್ಕೆ 1 ಕೂಡಿಸಿದ್ರೆ 571201ರಿಂದ ಸರಿಯಾಗಿ ಭಾಗ ಆಗತ್ತೆ, 5330 × 571201. ಈಗ 571201ನ್ನ 55177ರಿಂದ ಭಾಗಿಸಿ ಶೇಷ ತಗೊಳ್ಳಿ, 19431. 55177ನ್ನ 19431ರಿಂದ, ಶೇಷ 16315. ಮತ್ತೆ ಹಾಗೇ, 3116. ಆಮೇಲೆ 735, ಆಮೇಲೆ 176. ವರ್ಗಮೂಲ 755.8ಕ್ಕಿಂತ ಕೆಳಗೆ ಬರೋ ಮೊದಲ ಎರಡು ಶೇಷ 735, 176. ಅಲ್ಲಿಗೆ ನಿಲ್ಸಿ ಕೂಡಿಸಿ ನೋಡಿ:

735 × 735 = 540225
176 × 176 = 30976
ಒಟ್ಟು 571201.

ಇದನ್ನ ನೋಡಿದಾಗ ನಾನು ಒಬ್ಬನೇ ಜೋರಾಗಿ ಕೂಗಿಬಿಟ್ಟೆ, ಮನೇಲಿ ಏನಾಯ್ತು ಅಂತ ಕೇಳಿದ್ರು.

ಇದರಿಂದ ಒಂದು ಲಂಬಕೋನ ತ್ರಿಭುಜನೂ ಬರತ್ತೆ. ವರ್ಗಗಳ ವ್ಯತ್ಯಾಸ 509249, ಎರಡರ ಗುಣಲಬ್ಧದ ಎರಡರಷ್ಟು 258720, ಇವೆರಡು ಬಾಹು ಆದ್ರೆ ಕರ್ಣ ಸರಿಯಾಗಿ 571201. ಅವಳಿ ತಮ್ಮ 571199ಕ್ಕೆ ಈ ಭಾಗ್ಯ ಇಲ್ಲ. ಯಾವುದೇ ವರ್ಗನ 4ರಿಂದ ಭಾಗಿಸಿದ್ರೆ ಶೇಷ 0 ಇಲ್ಲ 1, ಎರಡು ವರ್ಗ ಕೂಡಿಸಿದ್ರೆ 0, 1, 2 ಅಷ್ಟೇ ಬರತ್ತೆ, 571199ಕ್ಕೆ ಶೇಷ 3. ಎರಡೇ ಹೆಜ್ಜೆ ದೂರದಲ್ಲಿದ್ರೂ ಸ್ವಭಾವ ಪೂರ್ತಿ ಬೇರೆ.

ಸ್ಟೆಪ್ 9: ಈಗ ನಿಜವಾಗ್ಲೂ ದೊಡ್ಡದು

ಹತ್ತಂಕಿ ಸಂಖ್ಯೆ 2147483647 ತಗೊಳ್ಳಿ, 2ರ ಘಾತ 31 ಮೈನಸ್ 1. ವರ್ಗಮೂಲ 46340 ಚಿಲ್ಲರೆ, ಅದರ ಒಳಗೆ 4700ಕ್ಕೂ ಜಾಸ್ತಿ ಪ್ರೈಮ್. ಆಯ್ಲರ್ 1772ರಲ್ಲಿ ಕೈಯಲ್ಲೇ ಇದನ್ನ ಪ್ರೈಮ್ ಅಂತ ತೋರಿಸಿದ, ಅಷ್ಟೊತ್ತಿಗೆ ಅವನಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಅವನ ಶಾರ್ಟ್‌ಕಟ್ ನಾವು ಸ್ಟೆಪ್ 7ರಲ್ಲಿ ಮಾಡಿದ ಜಾತಿದೇ. ಈ ಸಂಖ್ಯೆಯ ಯಾವ ಅಪವರ್ತನ ಇದ್ರೂ 62ರಿಂದ ಭಾಗಿಸಿದಾಗ ಶೇಷ 1 ಬರ್ಬೇಕು, ಜೊತೆಗೆ 8ರಿಂದ ಭಾಗಿಸಿದಾಗ 1 ಇಲ್ಲ 7 ಬರ್ಬೇಕು. ಎರಡೂ ಸೇರಿಸಿದ್ರೆ 248ರಿಂದ ಭಾಗಿಸಿದಾಗ ಶೇಷ 1 ಇಲ್ಲ 63 ಇರೋ ಪ್ರೈಮ್‌ಗಳು ಮಾತ್ರ ಉಳಿಯತ್ತೆ, ಸಾವಿರಗಟ್ಟಲೆ ಭಾಗಾಕಾರ ನೂರರ ಒಳಗೆ ಬಂತು.

2ರ ಘಾತ ಮೈನಸ್ 1 ರೂಪದ ಪ್ರೈಮ್‌ಗಳಿಗೆ ಮರ್ಸೆನ್ ಪ್ರೈಮ್ ಅಂತಾರೆ. ಮರ್ಸೆನ್ ಅನ್ನೋ ಪಾದ್ರಿ 1644ರಲ್ಲಿ ಕೊಟ್ಟ ಪಟ್ಟಿಲಿ 2ರ ಘಾತ 67 ಮೈನಸ್ 1 ಪ್ರೈಮ್ ಅಂತ ಇತ್ತು. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದನ್ನ 193707721 × 761838257287 ಅಂತ ಒಡೆದು ತೋರಿಸಿದ್ರು.

ಇವಕ್ಕೆ ಇನ್ನೊಂದು ಸುಂದರ ಪರೀಕ್ಷೆ ಇದೆ, ಲ್ಯೂಕಾ ಮತ್ತೆ ಲೆಹ್ಮರ್ ಅನ್ನೋ ಗಣಿತಜ್ಞರದ್ದು, ಮಕ್ಕಳ ಕೈಲೂ ಮಾಡಿಸ್ಬಹುದು. 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೀರಿ, ಪರೀಕ್ಷೆ ಮಾಡ್ತಿರೋ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೊಳ್ಳಿ, ಇದನ್ನೇ (ಘಾತ ಮೈನಸ್ 2) ಸಲ ಮಾಡಿ, ಕೊನೆಗೆ ಸೊನ್ನೆ ಬಂದ್ರೆ ಪ್ರೈಮ್, ಬರ್ಲಿಲ್ಲ ಅಂದ್ರೆ ಅಲ್ಲ (ಘಾತ ಬೆಸ ಪ್ರೈಮ್ ಆಗಿರ್ಬೇಕು). ಘಾತ 7ಕ್ಕೆ, ಅಂದ್ರೆ 127ಕ್ಕೆ ಐದು ಸಲ: 14, 67, 42, 111, 0. ಬಂತು. ಘಾತ 11 ಆದ್ರೆ 2047, ಅದು 23 × 89, ಅಲ್ಲಿ ಸೊನ್ನೆ ಬರಲ್ಲ. 1876ರಲ್ಲಿ ಲ್ಯೂಕಾ ಇದೇ ಬಗೆಯ ಲೆಕ್ಕದಿಂದ 2ರ ಘಾತ 127 ಮೈನಸ್ 1ನ್ನ ಪ್ರೈಮ್ ಅಂತ ತೋರಿಸಿದ್ರು, 39 ಅಂಕಿ, ಕಂಪ್ಯೂಟರ್ ಇಲ್ದೆ.

2024ರ ಅಕ್ಟೋಬರಲ್ಲಿ, ನಮ್ಮಲ್ಲಿ ತಲಕಾವೇರಿ ತೀರ್ಥೋದ್ಭವ ಆಗೋ ತಿಂಗಳಲ್ಲೇ, ಲ್ಯೂಕ್ ಡ್ಯುರಾಂಟ್ ಅನ್ನೋರು ಗಿಂಪ್ಸ್ ಅನ್ನೋ ಸ್ವಯಂಸೇವಕರ ಪ್ರಾಜೆಕ್ಟ್ ಮೂಲಕ 2ರ ಘಾತ 136279841 ಮೈನಸ್ 1 ಪ್ರೈಮ್ ಅಂತ ಕಂಡುಹಿಡಿದ್ರು. 41024320 ಅಂಕಿ. ಪುಟಕ್ಕೆ 2000 ಅಂಕಿ ಪ್ರಿಂಟ್ ಮಾಡಿದ್ರೆ 20500 ಪುಟ ದಾಟತ್ತೆ. ಮೊದಲು ಹಿಡಿದಿದ್ದು ಫರ್ಮಾ ಮಾದರಿ ಪರೀಕ್ಷೆಯಿಂದ, ಖಾತ್ರಿ ಮಾಡಿದ್ದು ಲ್ಯೂಕಾ ಲೆಹ್ಮರ್‌ನಿಂದ, ಎರಡೂ ಈಗ ನಿಮ್ಮ ನೋಟ್‌ಬುಕ್ಕಲ್ಲಿ ಇದೆ. ಯಾವುದೇ ಸಂಖ್ಯೆ ಪ್ರೈಮಾ ಅಲ್ವಾ ಅಂತ ಖಚಿತವಾಗಿ, ಅಂಕಿ ಹೆಚ್ಚಿದ್ರೂ ಲೆಕ್ಕ ಕೈಮೀರದ ಹಾಗೆ ಹೇಳೋ ವಿಧಾನ ಮೊದಲು ಬಂದಿದ್ದು ನಮ್ಮ ದೇಶದಿಂದಲೇ, 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರಿಂದ.

ಸ್ಟೆಪ್ 10: ಸುತ್ತು ಹಾಕಿದ್ದ 693

ವೆಬ್‌ಸೈಟ್‌ಗಳ ಭದ್ರತೆಗೆ ಬಳಸೋ ಆರ್‌ಎಸ್‌ಎ ಬೀಗದಲ್ಲಿ ಎರಡು ದೊಡ್ಡ ಪ್ರೈಮ್ ಗುಣಿಸಿ, ಗುಣಲಬ್ಧ ಮಾತ್ರ ಎಲ್ರಿಗೂ ತೋರಿಸ್ತಾರೆ, ಒಂದೊಂದು ಪ್ರೈಮ್‌ಗೆ 300ಕ್ಕೂ ಜಾಸ್ತಿ ಅಂಕಿ ಇರೋದು ಈಗ ಮಾಮೂಲಿ. ಗುಣಿಸೋದು ಸುಲಭ, ವಾಪಸ್ ಒಡೆಯೋದು ಕಷ್ಟ, ಆ ಕಷ್ಟವೇ ಬೀಗ. ಆದ್ರೆ ಆ ಎರಡು ಪ್ರೈಮ್ ತೀರಾ ಹತ್ತಿರ ಹತ್ತಿರ ಇರ್ಬಾರ್ದು ಅನ್ನೋ ನಿಯಮ ಇದೆ, ಯಾಕೆ ಅಂತ ಭಾಗಮಂಡಲದ ಪಿನ್‌ಕೋಡ್ ತೋರಿಸತ್ತೆ.

ಅದು 571247, ಮಡಿಕೇರಿಗಿಂತ 46 ಜಾಸ್ತಿ. ಶೇಷದ ಪುಸ್ತಕ ಹಿಡಿದು ಹೋಗಿ, 3, 7, 11, 13, ನೂರು ದಾಟಿದ್ರೂ ಇಲ್ಲ, ಐನೂರು ದಾಟಿದ್ರೂ ಇಲ್ಲ, ಇದೂ ಪ್ರೈಮೇ ಇರ್ಬೇಕು ಅಂತ ನಾನು ಹೆಚ್ಚುಕಮ್ಮಿ ತೀರ್ಮಾನ ಮಾಡಿದ್ದೆ. 131ನೇ ಪ್ರೈಮ್ 739ರ ಹತ್ರ ಬಂದಾಗ ಶೇಷ 693, ಅದಕ್ಕೆ 46 ಕೂಡಿಸಿ. 739! ಪಟ್ಟಿಲಿ ಇನ್ನೆರಡೇ ಪ್ರೈಮ್ ಬಾಕಿ ಇತ್ತು. 571247 = 739 × 773, ಎರಡೂ ಪ್ರೈಮ್, ಕಾವೇರಿ ಕನ್ನಿಕೆ ಸೇರೋ ಊರಿಗೆ ಎರಡೇ ಪ್ರೈಮ್ ಸೇರಿದ ಸಂಖ್ಯೆ.

130 ಪ್ರೈಮ್ ದಾಟಿ ಬರೋ ಬದಲು ಫರ್ಮಾನ ಇನ್ನೊಂದು ಉಪಾಯ ಮಾಡಿದ್ರೆ ಒಂದೇ ಹೆಜ್ಜೆ. ವರ್ಗಮೂಲ 755.8, ಅದರ ಮುಂದಿನ ಪೂರ್ಣಸಂಖ್ಯೆ 756, ವರ್ಗ 571536. ಅದರಿಂದ 571247 ಕಳೀರಿ, 289 ಉಳಿಯತ್ತೆ, ಅದು 17ರ ವರ್ಗ. ಎರಡು ವರ್ಗಗಳ ವ್ಯತ್ಯಾಸ ಆಗಿರೋದ್ರಿಂದ ಅಪವರ್ತನಗಳು 756 − 17 ಮತ್ತೆ 756 + 17. ಎರಡು ಪ್ರೈಮ್ ತೀರಾ ಹತ್ತಿರ ಇದ್ರೆ ಬೀಗನೂ ಹೀಗೇ ಒಡೆದುಹೋಗತ್ತೆ.